ಪ್ಲಾಸ್ಟಿಕ್‌ನಲ್ಲಿ ಕರೆಂಟ್: ‘ಮುಂದೊಂದು ದಿನ’ ಅಲ್ಲ, ಈಗಲೇ ಇದೆ

ಸಂಪಾದಕರಿಗೆ ನಮಸ್ಕಾರ.

ಕರೆಂಟ್ ಹರಿಯುವ ಪ್ಲಾಸ್ಟಿಕ್, ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆ), ಕಾರ್ಬನ್ ನ್ಯಾನೋಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಅಂತ ನಿಮ್ಮ ವಿಜ್ಞಾನ ಪುಟದಲ್ಲಿ ಆಗಾಗ ಸುದ್ದಿ ಬರುತ್ತದೆ. ಬಿಡದೆ ಓದುತ್ತೇನೆ. ಆದರೆ ಎಲ್ಲವೂ ‘ಮುಂದೊಂದು ದಿನ’ ಎಂದೇ ಮುಗಿಯುತ್ತವೆ. ಟಿವಿ, ಕಂಪ್ಯೂಟರ್ ರಿಪೇರಿ ಮಾಡುವ ನನಗೆ ಇದು ಸ್ವಲ್ಪ ತಮಾಷೆ ಅನಿಸುತ್ತದೆ. ಆ ಪ್ಲಾಸ್ಟಿಕ್ ನಮ್ಮ ಟೇಬಲ್ಲಿಗೆ ಬಂದು ಎಷ್ಟೋ ವರ್ಷವಾಯಿತು.

2000ದ ದಶಕದ ಮದರ್‌ಬೋರ್ಡ್ ಬಿಚ್ಚಿದವರಿಗೆ ಉಬ್ಬಿದ ಕೆಪಾಸಿಟರ್ (ಕರೆಂಟ್ ಕೂಡಿಟ್ಟು ಕೊಡುವ ಡಬ್ಬಿಯಂಥ ಬಿಡಿಭಾಗ) ಗೊತ್ತೇ ಇರುತ್ತದೆ. ಒಳಗಿನ ದ್ರವ ಕೆಟ್ಟು ಗ್ಯಾಸ್ ತುಂಬಿ, ತಲೆ ಮೇಲಿನ ಗೀರು ಬಿರಿದು ಕಂದು ಅಂಟು ಹೊರಗೆ ಬರುತ್ತಿತ್ತು. ಈಗಿನ ಬೋರ್ಡಿನಲ್ಲಿ ಪ್ರೊಸೆಸರ್ ಪಕ್ಕ ನೋಡಿ. ಗಿಡ್ಡನೆಯ ಬೆಳ್ಳಿ ಬಣ್ಣದ ಡಬ್ಬಿಗಳು, ತಲೆ ಮೇಲೆ ಗೀರಿಲ್ಲ. ಇವೂ ಕೆಪಾಸಿಟರ್‌ಗಳೇ, ಒಳಗೆ ದ್ರವದ ಬದಲು ಕರೆಂಟ್ ಹರಿಯುವ ಪಾಲಿಮರ್, ಅಂದರೆ ಅದೇ ಪ್ಲಾಸ್ಟಿಕ್ ಇದೆ. ಸೋರುವುದಿಲ್ಲ, ಒಣಗುವುದಿಲ್ಲ. ಕೆಪಾಸಿಟರ್ ಒಳಗಿನ ರೆಸಿಸ್ಟೆನ್ಸ್ ಅಳೆಯುವ ಇಎಸ್‌ಆರ್ ಮೀಟರ್ ಇಟ್ಟರೆ ರೀಡಿಂಗ್ ಹಳೆಯದಕ್ಕಿಂತ ತುಂಬಾ ಕಡಿಮೆ, ಅಷ್ಟೂ ಒಳ್ಳೆಯದು. ಹಾಗಂತ ಕೆಡೋದೇ ಇಲ್ಲ ಅಂತಲ್ಲ. ಒಮ್ಮೊಮ್ಮೆ ಉಬ್ಬದೆ, ಸೋರದೆ, ಸುಮ್ನೆ ಶಾರ್ಟ್ ಆಗಿ ಕೂತಿರುತ್ತದೆ. ಹುಡುಕೋದು ನಮಗೆ ತಲೆನೋವು.

ಇದಕ್ಕೆಲ್ಲ ಬುನಾದಿ ಬಿದ್ದದ್ದು 1977ರಲ್ಲಿ. ಹೀಗರ್, ಮ್ಯಾಕ್‌ಡಯಾರ್ಮಿಡ್, ಶಿರಕಾವಾ ಎಂಬ ವಿಜ್ಞಾನಿಗಳು ಸೇರಿ ಪಾಲಿಅಸಿಟಿಲೀನ್ ಎಂಬ ಪಾಲಿಮರ್ ಹಾಳೆಗೆ ಅಯೋಡಿನ್ ಹಬೆ ತಾಗಿಸಿದರು. ಕರೆಂಟ್ ಹರಿಯುವ ಗುಣ ಸುಮಾರು 1 ಕೋಟಿ ಪಟ್ಟು ಜಾಸ್ತಿಯಾಯಿತು. 2000ದಲ್ಲಿ ಮೂವರಿಗೂ ನೊಬೆಲ್ ಬಂತು. ಅಷ್ಟಾದರೂ ಆ ಹಾಳೆ ಅಂಗಡಿ ಮುಟ್ಟಲಿಲ್ಲ, ಗಾಳಿಗಿಟ್ಟರೆ ಕೆಡುತ್ತಿತ್ತು. ಗಾಳಿಗೂ ಬಿಸಿಗೂ ತಡೆದುಕೊಳ್ಳುವ ಬೇರೆ ಪಾಲಿಮರ್‌ಗಳು ಬಂದ ಮೇಲೇ ಕೆಪಾಸಿಟರ್ ಆಗಿದ್ದು. ಸುದ್ದಿಯಲ್ಲಿ ಕಾಣದೇ ಹೋಗುವುದು ಈ ನಡುವಿನ ಕೆಲಸವೇ.

ನಮ್ಮ ಬೆಂಗಳೂರಿನದೇ ಒಂದು ಉದಾಹರಣೆ. 2003ರಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ನ (ಭಾರತೀಯ ವಿಜ್ಞಾನ ಸಂಸ್ಥೆ) ವಿಜ್ಞಾನಿ ಅಜಯ್ ಸೂದ್ ಮತ್ತು ಜೊತೆಗಾರರು ಕಾರ್ಬನ್ ನ್ಯಾನೋಟ್ಯೂಬ್‌ಗಳ ಮೇಲೆ ದ್ರವ ಹರಿಸಿದರೆ ವೋಲ್ಟೇಜ್ ಹುಟ್ಟುತ್ತದೆ ಎಂದು ತೋರಿಸಿದರು. ಅದು ಮಿಲಿವೋಲ್ಟ್ ಲೆಕ್ಕದ್ದು. ದ್ರವದ ಹರಿವನ್ನು ಅಳೆಯುವ ಸೆನ್ಸರ್‌ಗೆ ಒಳ್ಳೆಯದು, ಬಲ್ಬ್ ಉರಿಸಲು ಅಲ್ಲ. ಹೀಗೆ ಬಿಡಿಸಿ ಹೇಳಿದರೆ ಆ ಕೆಲಸದ ತೂಕವೇನೂ ಕಡಿಮೆ ಆಗುವುದಿಲ್ಲ, ಅಲ್ವಾ?

ಹಾಗಾಗಿ ಒಂದು ವಿನಂತಿ. ಇಂಥ ಸುದ್ದಿ ಹಾಕುವಾಗ ಎರಡು ಸಾಲು ಜಾಸ್ತಿ ಬರೆಯಿರಿ. ಅಳೆದದ್ದು ಎಷ್ಟು, ಯಾವ ಅಳತೆಯ ತುಂಡಿನ ಮೇಲೆ? ಬಿಸಿಲು, ತೇವಕ್ಕೆ ಎಷ್ಟು ದಿನ ತಡೆಯಿತು? ಲ್ಯಾಬಿನಲ್ಲಿ ಇದೆಯೋ, ಫ್ಯಾಕ್ಟರಿಗೆ ಬಂದಿದೆಯೋ? ಪೇಪರಿನಲ್ಲಿ ಓದಿ ‘ಗ್ರಾಫೀನ್ ಬ್ಯಾಟರಿ ಬಂತಂತಲ್ಲ, ನಮ್ಮ ಫೋನಿಗೆ ಹಾಕಿಕೊಡಿ’ ಅಂತ ಬರುವ ಗಿರಾಕಿಗಳಿಗೆ ಉತ್ತರ ಹೇಳಬೇಕಾದವರು ನಾವು.

— ಒಬ್ಬ ರಿಪೇರಿ ಅಂಗಡಿಯವ, ದಾವಣಗೆರೆ