ಎಡಗಿವಿ ಕೈಕೊಟ್ಟ ವರ್ಷ, ಕೆಲವರಿಗೆ ಥ್ಯಾಂಕ್ಸ್

ಕಳೆದ ಶನಿವಾರ ನಮ್ಮ ಕನ್ನಡ ಕೂಟದ ರಾಜ್ಯೋತ್ಸವದಲ್ಲಿ ಮತ್ತೆ ಸೌಂಡ್ ಮಿಕ್ಸರ್ ಮುಂದೆ ಕೂತೆ. ಹದಿಮೂರು ತಿಂಗಳಾದ ಮೇಲೆ. ಮೈಕ್ ಎರಡು ಸಲ ಕುಂಯ್ ಅಂತು, ಮಕ್ಕಳ ಡ್ಯಾನ್ಸಿನ ಟ್ರ್ಯಾಕ್ ತಡವಾಗಿ ಶುರುವಾಯಿತು. ಒಬ್ಬರೂ ತಿರುಗಿ ನೋಡಲಿಲ್ಲ. ಬೇಕಂತಲೇ ನೋಡಲಿಲ್ಲ ಅಂತ ನನಗೆ ಗೊತ್ತು. ಅದಕ್ಕೇ ಈ ಬರಹ.

ಹೋದ ವರ್ಷ ಅಕ್ಟೋಬರಿನಲ್ಲಿ ಒಂದು ಬೆಳಿಗ್ಗೆ ಎದ್ದರೆ ಎಡಗಿವಿ ಕೇಳುತ್ತಿರಲಿಲ್ಲ. ಸ್ನಾನದ ನೀರು ಹೋಗಿರಬೇಕು ಅಂದುಕೊಂಡೆ. ಮೊದಲು ತೋರಿಸಿದ ಕಡೆ ಗುಗ್ಗೆ ಅಂತ ಡ್ರಾಪ್ಸ್ ಕೊಟ್ಟು ಕಳಿಸಿದರು. ಒಂದು ವಾರ ಸುಮ್ನೆ ಹೋಯಿತು. ಇಂಥ ದಿಢೀರ್ ಕಿವುಡಿಗೆ ಒಂದೊಂದು ದಿನವೂ ಲೆಕ್ಕ ಅಂತ ಆಮೇಲೆ ಗೊತ್ತಾಯಿತು. ಸ್ಟೆರಾಯ್ಡ್ ಮಾತ್ರೆ, ಅದಾದ ಮೇಲೆ ಕಿವಿತಮಟೆಯ ಒಳಕ್ಕೇ ಇಂಜೆಕ್ಷನ್. ಅರ್ಧದಷ್ಟು ವಾಪಸ್ ಬಂತು.

ಅಷ್ಟಾದರೂ ಬಂದದ್ದು ಮೇಲಿನ ಮನೆ ಆಂಟಿಯಿಂದ. "ಡ್ರಾಪ್ಸ್ ಹಾಕ್ಕೊಂಡು ಕೂತ್ಕೋಬೇಡಪ್ಪ, ನಡಿ" ಅಂತ ಬೇರೆ ಡಾಕ್ಟರ್ ಹತ್ತಿರ ಎಳೆದುಕೊಂಡು ಹೋದರು. ಬರುವಾಗ ಇಲ್ಲಿ ನ್ಯೂಯಾರ್ಕಿನ ಫ್ಲಶಿಂಗ್ ಗಣಪತಿ ದೇವಸ್ಥಾನದ ಕ್ಯಾಂಟೀನಿನಲ್ಲಿ ದೋಸೆ ಕೊಡಿಸಿದರು. ನನ್ನ ಎಡಕ್ಕೆ ಕೂತು ಏನೋ ಹೇಳುತ್ತಲೇ ಇದ್ದರು, ನಾನು ತಲೆ ಆಡಿಸುತ್ತಲೇ ಇದ್ದೆ. ಅವತ್ತಿನಿಂದ ಅವರು ನನ್ನ ಬಲಕ್ಕೇ ಕೂರುತ್ತಾರೆ.

ಹಾಡು ಕೇಳುವುದನ್ನೇ ಬಿಟ್ಟಿದ್ದೆ. ಹೆಡ್‌ಫೋನ್ ಹಾಕಿದರೆ ಎಡಗಡೆ ಬೇಸು ತಗಡು ಬಡಿದ ಹಾಗೆ. ಕ್ರಿಸ್ಮಸ್ ರಜೆಗೆ ಬಂದ ಅಕ್ಕನ ಮಗ ನನ್ನ ಫೋನ್ ಕಿತ್ತುಕೊಂಡು ಸೆಟ್ಟಿಂಗ್ಸಿನಲ್ಲಿ ಮೋನೋ ಆಡಿಯೋ ಅನ್ನುವುದನ್ನು ಒತ್ತಿದ. ಎಡಗಡೆಯದೂ ಬಲಗಡೆಯದೂ ಸೇರಿ ಎರಡೂ ಕಿವಿಗೆ ಒಂದೇ ಥರ ಬರುತ್ತದೆ, ಒಂದೇ ಕಿವಿಯಲ್ಲೂ ಪೂರ್ತಿ ಹಾಡು ಸಿಗುತ್ತದೆ. ಇಷ್ಟು ವರ್ಷ ಸೌಂಡ್ ನೋಡಿಕೊಂಡ ನನಗೆ ಹೊಳೆದಿರಲಿಲ್ಲ! "ಈಗ ನಿಮ್ಮ ಓಲ್ಡ್ ಹಾಡು ಯಾವ್ದಾದ್ರೂ ಹಾಕ್ಕೊಳಿ ಮಾಮ" ಅಂದ.

ಹಾಕಿಕೊಂಡದ್ದು ಅಮೆರಿಕದ ರ್‍ಯಾಪರ್ ನಾಸ್‌ನ 'ಹಿಪ್ ಹಾಪ್ ಈಸ್ ಡೆಡ್'. 2006ರ ಆಲ್ಬಮ್ಮು. ನಾನು ದಿನಾ ಹೋಗುವ 7 ನಂಬರ್ ರೈಲು ಕ್ವೀನ್ಸ್‌ಬರೋ ಪ್ಲಾಜಾದಲ್ಲಿ ನಿಲ್ಲುತ್ತದೆ. ಅಲ್ಲಿಂದ ನಡೆದು ಹೋಗುವಷ್ಟು ದೂರದ ಕ್ವೀನ್ಸ್‌ಬ್ರಿಡ್ಜ್ ಸರ್ಕಾರಿ ವಸತಿಯಲ್ಲೇ ಅವನು ಬೆಳೆದದ್ದು. ನ್ಯೂಯಾರ್ಕಿನದೇ ಬ್ರಾಂಕ್ಸಿನಲ್ಲಿ ಡಿಜೆ ಕೂಲ್ ಹರ್ಕ್‌ನ ಹಿಪ್ ಹಾಪ್ ಹುಟ್ಟಿತು ಅನ್ನುವ ಆ ಪಾರ್ಟಿ ನಡೆದದ್ದು 1973ರ ಆಗಸ್ಟ್ 11ಕ್ಕೆ, ನಾಸ್ ಹುಟ್ಟಿದ್ದು ಸೆಪ್ಟೆಂಬರಿನಲ್ಲಿ. ಹಿಪ್ ಹಾಪ್‌ಗಿಂತ ಒಂದೇ ತಿಂಗಳು ಚಿಕ್ಕವನು. 33ಕ್ಕೇ ಹಿರಿಯನಾಗಿ ಕೂತು ಹಿಪ್ ಹಾಪ್ ಸತ್ತಿದೆ ಅಂದುಬಿಟ್ಟ. ಅಮೆರಿಕದ ದಕ್ಷಿಣದ ರ್‍ಯಾಪರ್‌ಗಳಿಗೆ ಸಿಟ್ಟು ಬಂತು. ಅಟ್ಲಾಂಟಾ ಹುಡುಗರು ಆಗ ಊರೆಲ್ಲ ಕುಣಿಸುತ್ತಿದ್ದರು, ಬರದೇ ಇರುತ್ತಾ? ನನ್ನ ಕೇಳಿದರೆ ಇದು ಅವನ ಅತ್ಯುತ್ತಮ ಆಲ್ಬಮ್ ಅಲ್ಲ. ಅವನ ಮೊದಲ ಆಲ್ಬಮ್, 1994ರ 'ಇಲ್ಮ್ಯಾಟಿಕ್' ಪಕ್ಕ ಇಟ್ಟರೆ ಗೊಣಗಾಟ ಜಾಸ್ತಿ.

ಆದರೆ ಅವತ್ತು ಒಂದೇ ಕಿವಿಯಲ್ಲಿ ಕೇಳುವಾಗ ಆಲ್ಬಮ್ ಹೆಸರಿನದೇ ಹಾಡಿನ ಕೆಳಗೆ ಬಾಂಗೋ ಡ್ರಮ್ಮಿನ ಸದ್ದು ಸಿಕ್ಕಿತು. ಇನ್‌ಕ್ರೆಡಿಬಲ್ ಬಾಂಗೋ ಬ್ಯಾಂಡಿನ 'ಅಪಾಚಿ' ರೆಕಾರ್ಡಿನದು. ಹರ್ಕ್ ಬ್ರಾಂಕ್ಸಿನಲ್ಲಿ ತಿರುಗಿಸಿ ತಿರುಗಿಸಿ ಕುಣಿಸಿದ್ದು ಇದೇ ರೆಕಾರ್ಡಿನ ತುಣುಕನ್ನು. ಸತ್ತಿತು ಅನ್ನುವ ಹಾಡಿಗೆ ಹುಟ್ಟಿದ ಮನೆಯದ್ದೇ ತಾಳ! ಇನ್ನೊಂದು ಹಾಡಿನಲ್ಲಿ ಜನ ಮರೆತ ಹಳೇ ರ್‍ಯಾಪರ್‌ಗಳ ಹೆಸರು ಒಂದೊಂದಾಗಿ ಕೂಗುತ್ತಾನೆ, ಹಾಜರಿ ಕರೆದ ಹಾಗೆ. ಕೊನೆಯ 'ಹೋಪ್'ನಲ್ಲಿ ಬೀಟೇ ಇಲ್ಲ, ಬರೀ ದನಿ. ಮೂರು ತಿಂಗಳಲ್ಲಿ ನನಗೆ ಒಡೆಯದೆ, ಪೂರ್ತಿ ಕೇಳಿಸಿದ ಮೊದಲ ಹಾಡು ಅದು. ಹುಡುಗನ ಎದುರಿಗೇ ಅತ್ತೆ. ಅವನು ಫೋನ್ ನೋಡುವ ಹಾಗೆ ನಟಿಸಿದ, ಅದಕ್ಕೂ ಥ್ಯಾಂಕ್ಸ್ ಕಣೋ.

ನಾಸ್‌ಗೆ ಮೊದಲ ಗ್ರ್ಯಾಮಿ ಸಿಕ್ಕಿದ್ದು 2021ರಲ್ಲಿ, ಸತ್ತಿತು ಅಂದು ಹದಿನಾಲ್ಕು ವರ್ಷ ಕಳೆದ ಮೇಲೆ, ರ್‍ಯಾಪ್ ಆಲ್ಬಮ್ಮಿಗೇ.

ಹಾಜರಿ ಇನ್ನೂ ಇದೆ. ಆಡಿಯೋಗ್ರಾಮ್, ಅಂದರೆ ಕಿವಿ ಪರೀಕ್ಷೆಯ ಹಾಳೆ ಹಿಡಿದು ತಾಳ್ಮೆಯಿಂದ ಬಿಡಿಸಿ ಹೇಳಿದ ಡಾಕ್ಟರಮ್ಮ. ನನ್ನ ಬದಲು ಯುಗಾದಿಗೆ ಸೌಂಡ್ ನೋಡಿಕೊಂಡು, ಕುರ್ಚಿ ಮಾತ್ರ ನಂದೇ ಅಂತ ಖಾಲಿ ಬಿಟ್ಟ ಗೆಳೆಯ. ದಿನಾ ಬೆಳಿಗ್ಗೆ ಫೋನ್ ಮಾಡಿ "ಯಾವ ಕಿವಿಗೆ ಇಟ್ಕೊಂಡಿದೀಯಾ?" ಅಂತ ಕೇಳುವ ಅಮ್ಮ.

ಕೂಟದವರಿಗೆ ಒಂದು ಮಾತು. ಸಂಕ್ರಾಂತಿಗೂ ನಾನೇ ಬರುತ್ತೇನೆ. ಮಾನಿಟರ್ ಸ್ಪೀಕರನ್ನು ನನ್ನ ಬಲಗಡೆ ಇಡಿ.