ಟೊಳ್ಳು ಬಿದಿರು, ಬಿರುಕು ಬಂಡೆ

ಗೆಳೆಯಾ,

ಹೋದ ಸಲ ಬಂದಾಗ ನನ್ನ ಕೋಣೆಯ ಗೋಡೆ ನೋಡಿ ನಕ್ಕೆಯಲ್ಲ, "ಒಂದು ಬಂಡೆ, ನಾಲ್ಕು ಬಿದಿರು, ಉಳಿದದ್ದೆಲ್ಲ ಖಾಲಿ ಕಾಗದ. ಬಣ್ಣ ತೀರಿಹೋಗಿತ್ತೇನೋ ಪಾಪ!" ಅಂತ. ಆವತ್ತು ಕಾಫಿಯ ಗಡಿಬಿಡಿಯಲ್ಲಿ ಉತ್ತರ ಉಳಿದುಹೋಯಿತು. ಈಗ ಬರೆಯುತ್ತಿದ್ದೇನೆ.

ಅದು ಝೆಂಗ್ ಬಾಂಚಿಯಾವ್ ಎಂಬ ಚೀನೀ ಕಲಾವಿದನ ಚಿತ್ರದ ಪ್ರಿಂಟು. 1693ರಲ್ಲಿ ಹುಟ್ಟಿದವನು, ಯಾಂಗ್‌ಝೌನ 'ಎಂಟು ವಿಲಕ್ಷಣರು' ಎಂದು ಹೆಸರಾದ ಚಿತ್ರಕಾರರಲ್ಲಿ ಒಬ್ಬ. ಜೀವಮಾನವಿಡೀ ಬರೆದದ್ದು ಹೆಚ್ಚುಕಡಿಮೆ ಮೂರೇ: ಬಿದಿರು, ಬಂಡೆ, ಆರ್ಕಿಡ್. ನನಗೆ ಗುರುವಿಲ್ಲ, ಕಿಟಕಿಯ ಕಾಗದದ ಮೇಲೆ ಬಿಸಿಲು ಬೆಳದಿಂಗಳಲ್ಲಿ ಬೀಳುವ ಬಿದಿರಿನ ನೆರಳು ನೋಡಿ ಕಲಿತೆ ಅನ್ನುತ್ತಿದ್ದ. ನೆರಳಿಗೆ ಎಲ್ಲಿಯ ಬಣ್ಣ ಹೇಳು!

ನನ್ನನ್ನು ಹಿಡಿದು ನಿಲ್ಲಿಸಿದ್ದು ಬಿದಿರಿನ ಟೊಳ್ಳು. ನಾವು ಯಾರನ್ನಾದರೂ ಟೊಳ್ಳು ಅಂದರೆ ಬೈದ ಹಾಗೆ. ಚೀನೀಯರ ಮಾತಿನಲ್ಲಿ 'ಖಾಲಿ ಹೃದಯ' ಅಂದರೆ ವಿನಯ. ಗಿಣ್ಣಿನದೂ ಅದೇ ಕತೆ: ಅವರ 'ಜಿಯೆ' ಎಂಬ ಒಂದೇ ಪದ ಬಿದಿರಿನ ಗಿಣ್ಣಿಗೂ ಸಲ್ಲುತ್ತದೆ, ಮನುಷ್ಯನ ನಿಯತ್ತಿಗೂ ಸಲ್ಲುತ್ತದೆ. ಕುಂಚ ಗಿಣ್ಣಿನ ಹತ್ತಿರ ಬಂದು ಒತ್ತಿ, ತಡೆದು, ಮತ್ತೆ ಮೇಲಕ್ಕೆ ಹೊರಡುವುದನ್ನು ಕಂಡವರು ಬರೀ ಗಿಡ ನೋಡುತ್ತಿರಲಿಲ್ಲ ಮಾರಾಯ.

ಬಂಡೆ ಸ್ಥಿರ, ಅದಕ್ಕೆ ಆಯಸ್ಸು ಹೆಚ್ಚು ಅನ್ನುವುದು ಎಲ್ಲರಿಗೂ ಹೊಳೆಯುವ ಅರ್ಥ. (ಅಲ್ಲಿ ಬಂಡೆಯ ಹುಚ್ಚು ಎಷ್ಟೆಂದರೆ, ಸಾಂಗ್ ರಾಜವಂಶದ ಕಾಲದ ಮಿ ಫು ಎಂಬ ಅಧಿಕಾರಿ ಒಂದು ಕಲ್ಲಿಗೆ ಅಡ್ಡಬಿದ್ದು 'ಅಣ್ಣಾ' ಎಂದನಂತೆ.) ಬಾಂಚಿಯಾವ್‌ನ ಬಂಡೆ ಮಾತ್ರ ಒಡೆದದ್ದು. ಅವನದೇ ಪದ್ಯವೊಂದರಲ್ಲಿ ಬಿದಿರು ಹಸಿರು ಬೆಟ್ಟವನ್ನು ಹಲ್ಲುಕಚ್ಚಿ ಹಿಡಿದಿದೆ, ಬೇರು ಇಳಿದಿರುವುದು ಬಂಡೆಯ ಬಿರುಕಿನಲ್ಲಿ. ಸಾವಿರ ಪೆಟ್ಟು ತಿಂದೂ ಗಟ್ಟಿಯಾಗಿದೆ, ಗಾಳಿ ಯಾವ ದಿಕ್ಕಿನಿಂದಾದರೂ ಬೀಸಿಕೊಳ್ಳಲಿ.

ಇದು ಕೂತು ಕಟ್ಟಿದ ಮಾತಲ್ಲ. ಶಾಂಡಾಂಗ್‌ನ ವೇಯ್‌ಶಿಯನ್‌ನಲ್ಲಿ ಅವನು ಅಧಿಕಾರಿಯಾಗಿದ್ದಾಗ ಬರಗಾಲ ಬಿತ್ತು. ರಾತ್ರಿ ಕಚೇರಿಯಲ್ಲಿ ಮಲಗಿದರೆ ಹೊರಗಿನ ಬಿದಿರೆಲೆಯ ಸರಸರ ಸದ್ದು ಜನರ ನರಳಾಟದಂತೆ ಕೇಳುತ್ತದೆ ಎಂದು ಒಂದು ಬಿದಿರಿನ ಚಿತ್ರದ ಮೇಲೆಯೇ ಬರೆದ. ಕೆಲಸ ಬಿಟ್ಟು ಹೊರಡುವಾಗ ಊರವರಿಗೆ ಬರೆದುಕೊಟ್ಟದ್ದೂ ಒಂದು ಬಡಕಲು ಬಿದಿರೇ. ಇನ್ನು ಮೇಲೆ ಹೊಳೆಯಲ್ಲಿ ಗಾಳ ಹಾಕಲು ಇದೇ ಕೋಲು ಅಂದನಂತೆ.

ಹಾಗಂತ ಸಂತ ಅಂದುಕೊಳ್ಳಬೇಡ. 1759ರಲ್ಲಿ ತನ್ನ ಚಿತ್ರಗಳಿಗೆ ದರಪಟ್ಟಿಯನ್ನೇ ಬರೆದ: ದೊಡ್ಡದಕ್ಕೆ 6 ಲಿಯಾಂಗ್ (ಅಲ್ಲಿನ ತೂಕದ ಅಳತೆ) ಬೆಳ್ಳಿ, ನಡುವಿನದಕ್ಕೆ 4, ಚಿಕ್ಕದಕ್ಕೆ 2. ಉಡುಗೊರೆ, ತಿಂಡಿ ತರುವುದಕ್ಕಿಂತ ಬೆಳ್ಳಿಯೇ ವಾಸಿ ಎಂದೂ ಸೇರಿಸಿದ.

ನಾನು ಅಷ್ಟು ಕಟ್ಟುನಿಟ್ಟಿನವನಲ್ಲ. ನೀನು ಬರುವಾಗ ತಿಂಡಿಯನ್ನೇ ತಾ. ಗೋಡೆಯ ಮುಂದೆ ಕೂತು ತಿನ್ನೋಣ.

ನಿನ್ನವ