ಭಾವನ ಜ್ವರದ ವಿಷಯ

ರಾಟರ್‌ಡ್ಯಾಮ್

ಪ್ರೀತಿಯ ಅಕ್ಕನಿಗೆ,

ಭಾವನಿಗೆ ಸಂಜೆಯಾದರೆ ಮೈ ಬಿಸಿಯಾಗುತ್ತದೆ ಅಂತ ಫೋನಿನಲ್ಲಿ ಮಾತಿನ ಮಧ್ಯೆ ಹೇಳಿದೆಯಲ್ಲ, ಅದನ್ನು ಸುಮ್ನೆ ಬಿಡಬೇಡ. ಭಾವನ ಹಾಗೆ ಹೃದಯಕ್ಕೆ ಲೋಹದ ವಾಲ್ವ್ ಹಾಕಿಸಿಕೊಂಡವರಿಗೆ ಕಾರಣ ಗೊತ್ತಾಗದ ಜ್ವರ ಬಂದರೆ ಇಲ್ಲಿನ ಡಾಕ್ಟರುಗಳಿಗೆ ಮೊದಲ ಅನುಮಾನ ಆ ವಾಲ್ವ್ ಮೇಲೇ. ರಕ್ತಕ್ಕೆ ಸೇರಿದ ಬ್ಯಾಕ್ಟೀರಿಯಾ ಅಲ್ಲಿ ಹೋಗಿ ಬೀಡುಬಿಡಬಹುದು. ಎಂಡೋಕಾರ್ಡೈಟಿಸ್ ಅನ್ನುವುದು ಅದಕ್ಕೇ.

ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್, ಮಾಡುತ್ತಾರೆ. ಆದರೆ ಲೋಹದ ನೆರಳು ಬಿದ್ದು ಕೆಲವು ಸಲ ಏನೂ ಸರಿಯಾಗಿ ಕಾಣುವುದಿಲ್ಲ. ಅಂಥವರು ಪೆಟ್ ಸ್ಕ್ಯಾನಿಗೆ ನಮ್ಮ ವಿಭಾಗಕ್ಕೆ ಬರುತ್ತಾರೆ. ಯುರೋಪಿನ ಹೃದ್ರೋಗ ತಜ್ಞರ ಮಾರ್ಗಸೂಚಿಯಲ್ಲಿ 2015ರಿಂದಲೇ ಇದಕ್ಕೆ ಜಾಗ ಇದೆ. ವಿಕಿರಣ ಸೂಸುವ ಒಂದು ಬಗೆಯ ಸಕ್ಕರೆಯನ್ನು ನರಕ್ಕೆ ಕೊಡುತ್ತೇವೆ. ಸೋಂಕಿನ ಜಾಗದಲ್ಲಿ ಮುತ್ತಿಕೊಂಡ ಬಿಳಿ ರಕ್ತಕಣಗಳಿಗೆ ಸಕ್ಕರೆ ಜಾಸ್ತಿ ಬೇಕು. ಸುಮಾರು ಒಂದು ಗಂಟೆ ಬಿಟ್ಟು ನೋಡಿದರೆ ಅಲ್ಲಿ ಹೊಳೆಯುತ್ತದೆ. ವಿಕಿರಣ ಅಂತ ಗಾಬರಿಯಾಗಬೇಡ, 110 ನಿಮಿಷಕ್ಕೆ ಅರ್ಧ ಇಳಿದುಹೋಗುತ್ತದೆ.

ತೊಂದರೆ ಏನೆಂದರೆ, ಹೃದಯದ ಸ್ನಾಯುವಿಗೂ ಸಕ್ಕರೆ ಇಷ್ಟ. ಅದಕ್ಕೇ ಹಿಂದಿನ ದಿನ ಬ್ರೆಡ್ಡು, ಅನ್ನ, ಹಣ್ಣು ಎಲ್ಲ ಬಂದ್. ಮೊಟ್ಟೆ, ಮೀನು, ಚೀಸ್, ಬೆಣ್ಣೆ ಮಾತ್ರ. ಆಮೇಲೆ ರಾತ್ರಿಯಿಡೀ ಉಪವಾಸ. ಮೊನ್ನೆ ಒಬ್ಬ ಅಜ್ಜನ ಹೃದಯ ಇಡೀ ದೀಪಾವಳಿಯ ಹಾಗೆ ಬೆಳಗಿತ್ತು. ವಾಲ್ವ್ ಎಲ್ಲಿ, ಸ್ನಾಯು ಎಲ್ಲಿ, ಏನೂ ಗೊತ್ತಾಗಲಿಲ್ಲ. ಕೇಳಿದರೆ, ಬೆಳಿಗ್ಗೆ ಕಾಫಿಗೆ ಬಿಸ್ಕತ್ ಅದ್ದಿಕೊಂಡು ತಿಂದಿದ್ದರಂತೆ, ‘ಎರಡೇ ಎರಡು’! ಮುದ್ದೆ ಬಿಟ್ಟು ಒಂದು ದಿನ ಇರು ಅಂದರೆ ಭಾವ ಏನು ಮಾಡುತ್ತಾರೋ.

ಆಪರೇಷನ್ ಆಗಿ ಸ್ವಲ್ಪ ದಿನ ಆಗಿದ್ದರೆ ಮಾಯುತ್ತಿರುವ ಗಾಯವೂ ಹೊಳೆದು ದಾರಿ ತಪ್ಪಿಸುತ್ತದೆ. ಅನುಮಾನ ಉಳಿದರೆ ರೋಗಿಯದೇ ರಕ್ತ ತೆಗೆದು, ಬಿಳಿ ಕಣ ಬೇರ್ಪಡಿಸಿ, ಟೆಕ್ನೀಷಿಯಂ ಅನ್ನುವ ವಿಕಿರಣ ಸೂಸುವ ಧಾತು ಸೇರಿಸಿ, ವಾಪಸ್ ಅವರ ನರಕ್ಕೇ ಕೊಡುತ್ತೇವೆ. ಅವು ಸೋಂಕನ್ನು ಹುಡುಕಿಕೊಂಡು ಹೋಗುತ್ತವೆ. ಮಾರನೇ ದಿನವೂ ಚಿತ್ರ ತೆಗೆಯಬೇಕು, ಕೆಲಸ ಜಾಸ್ತಿ. ಆದರೆ ನನಗೆ ಇದರ ಮೇಲೇ ನಂಬಿಕೆ ಹೆಚ್ಚು.

ಇದೆಲ್ಲ ಓದಿ ಈಗಲೇ ಸ್ಕ್ಯಾನಿಗೆ ಓಡಬೇಡಿ. ಮೊದಲು ಆಗಬೇಕಾದ್ದು ಬ್ಲಡ್ ಕಲ್ಚರ್, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಅಂತ ನೋಡುವ ಪರೀಕ್ಷೆ. ಅದಕ್ಕೆ ಮುಂಚೆ ಮೆಡಿಕಲ್ ಶಾಪಿನಿಂದ ಆಂಟಿಬಯಾಟಿಕ್ ತಂದು ನುಂಗಿದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಸಿಗದೇ ಹೋಗಬಹುದು. ಆಪರೇಷನ್ ಕಾಗದ ಹಿಡಿದುಕೊಂಡು ನಾಳೆಯೇ ಹೃದಯದ ಡಾಕ್ಟರ ಹತ್ತಿರ ಹೋಗಿ. ಹಲ್ಲು ಕೀಳಿಸಿದ್ದನ್ನೂ ಭಾವ ಹೇಳಲಿ, ಬ್ಯಾಕ್ಟೀರಿಯಾ ರಕ್ತಕ್ಕೆ ಸೇರಿದ ದಾರಿ ಅದೇ ಇರಬಹುದು. ಮುಚ್ಚಿಡುವಂಥದ್ದೇನೂ ಅಲ್ಲ, ಅಲ್ವಾ?

ಡಾಕ್ಟರ್ ಏನಂದರು ಅಂತ ರಾತ್ರಿ ಫೋನ್ ಮಾಡು. ಎಷ್ಟು ಹೊತ್ತಾದರೂ ಪರವಾಗಿಲ್ಲ.

ನಿನ್ನ ತಮ್ಮ